ಲಾಸ್ಟ್ ಕೋಸ್ಟ್ ಟ್ರೆಕ್: ಮೊದಲು ಉಬ್ಬರದ ಪಟ್ಟಿ ನೋಡಿ, ಆಮೇಲೆ ರಜೆ ಹಾಕಿ

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು, ಸನಿವೇಲ್‌ನಲ್ಲಿದ್ದೇವೆ. ಬೆಂಗಳೂರಿನಲ್ಲಿದ್ದಾಗ ಕುಮಾರ ಪರ್ವತ ಹತ್ತಿದ್ದೇವೆ, ಗೋಕರ್ಣದ ಬೀಚ್ ಟ್ರೆಕ್ ಮಾಡಿದ್ದೇವೆ. ಬರುವ ಜುಲೈನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಟ್ರೇಲ್ ನಡೆಯುವ ಆಸೆ ಇದೆ. 40 ಕಿ.ಮೀ. ದಾರಿ, ಅದೂ ಸಮುದ್ರದ ಪಕ್ಕದಲ್ಲೇ, ಹತ್ತುವುದು ಇಳಿಯುವುದು ಏನೂ ಇಲ್ಲ. ಶನಿವಾರ, ಭಾನುವಾರದಲ್ಲಿ ಮುಗಿಸಬಹುದು ಅಲ್ವಾ? ಉಬ್ಬರ–ಇಳಿತದ ಪಟ್ಟಿ ನೋಡಲೇಬೇಕು ಅಂತಾರೆ, ಅದನ್ನು ಓದುವುದು ಹೇಗೆ? ಕರಡಿ ಕಾಟ ಇದೆಯಂತೆ. ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಒಯ್ಯಬೇಕು?

ಉತ್ತರ: ಹೋಗಿ, ಖಂಡಿತ ಹೋಗಿ. ಆದರೆ ಎರಡು ದಿನದಲ್ಲಿ ಬೇಡ. ಮೂರು ರಾತ್ರಿ ಇಟ್ಟುಕೊಳ್ಳಿ. ಕುಮಾರ ಪರ್ವತ ಹತ್ತಿದವರ ಕಾಲಿಗೆ 40 ಕಿ.ಮೀ. ದೊಡ್ಡದಲ್ಲ, ಅದು ನನಗೂ ಗೊತ್ತು. ಇಲ್ಲಿ ತೊಂದರೆ ಕಾಲಿನದಲ್ಲ. ಯಾವ ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಕಾಯಬೇಕು ಅನ್ನುವುದೆಲ್ಲ ನೀರಿನ ಕೈಯಲ್ಲಿದೆ. ಈ ದಾರಿಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡವರಲ್ಲಿ ಹಲವರಿಗೆ ನಡೆಯಲು ಶಕ್ತಿ ಇತ್ತು, ಕಾಯಲು ಸಮಯ ಇರಲಿಲ್ಲ. ಸೋಮವಾರ ಬೆಳಗ್ಗೆ ಆಫೀಸು ಇದೆ ಅಂತ ಹೊರಡಬಾರದ ಹೊತ್ತಿನಲ್ಲಿ ಹೊರಟವರು ಅವರು.

ಜಾಗ ಎಂಥದ್ದು ಅಂತ ಮೊದಲು ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಕಡಲಂಚಿನಲ್ಲೇ ಹೋಗುವ ಹೆದ್ದಾರಿ 1, ಒಂದು ಕಡೆ ಸಮುದ್ರದ ಸಹವಾಸ ಬಿಟ್ಟು ಒಳಗೆ ತಿರುಗಿ ಲೆಗೆಟ್ ಹತ್ತಿರ 101ನ್ನು ಸೇರಿಬಿಡುತ್ತದೆ. ಮುಂದಿನ ಗುಡ್ಡಗಳು ಅಷ್ಟು ಕಡಿದು. ಅಲ್ಲಿ ರಸ್ತೆ ಮಾಡುವುದನ್ನೇ ಕೈಬಿಟ್ಟರು. ಹಾಗಾಗಿ ಆ ಕರಾವಳಿ ಹೋಟೆಲ್ಲು, ಮನೆ, ಪಾರ್ಕಿಂಗ್ ಯಾವುದೂ ಇಲ್ಲದೆ ಉಳಿದುಕೊಂಡಿತು. ಅಲ್ಲಿನ ಕಿಂಗ್ ಪೀಕ್ 1,246 ಮೀಟರ್ ಎತ್ತರ. ಸಮುದ್ರಕ್ಕೂ ಅದಕ್ಕೂ ಹೆಚ್ಚೆಂದರೆ 5 ಕಿ.ಮೀ. ನಮ್ಮ ಕೊಡಚಾದ್ರಿಯನ್ನು ಕಿತ್ತು ತಂದು ಮರವಂತೆ ಬೀಚಿನ ಬೆನ್ನಿಗೆ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಬೆಟ್ಟ ನೇರ ಬಂದು ನೀರಿಗೇ ಇಳಿಯುತ್ತದೆ. ಮಧ್ಯೆ ಉಳಿಯುವುದು ಒಂದು ಪಟ್ಟಿ ಕಲ್ಲು, ಮರಳು. ನೀವು ನಡೆಯುವುದು ಆ ಪಟ್ಟಿಯ ಮೇಲೆ.

1970ರಲ್ಲಿ ಇದನ್ನು ಕಿಂಗ್ ರೇಂಜ್ ರಾಷ್ಟ್ರೀಯ ಸಂರಕ್ಷಣಾ ಪ್ರದೇಶ ಅಂತ ಘೋಷಿಸಿದರು. ಆ ಬಗೆಯ ಪ್ರದೇಶ ಅಮೆರಿಕದಲ್ಲಿ ಅದೇ ಮೊದಲು. ನೋಡಿಕೊಳ್ಳುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರೂ ಬಿಎಲ್‌ಎಂ ಅಂತಾರೆ. ನೀವು ಕೇಳಿದ 40 ಕಿ.ಮೀ. ಉತ್ತರ ಭಾಗ: ಮಟೋಲ್ ನದಿ ಸಮುದ್ರ ಸೇರುವಲ್ಲಿಂದ ಶೆಲ್ಟರ್ ಕೋವ್‌ನ ಬ್ಲ್ಯಾಕ್ ಸ್ಯಾಂಡ್ಸ್ ಬೀಚಿನವರೆಗೆ. ಅದರ ದಕ್ಷಿಣಕ್ಕೆ ಸಿಂಕಿಯೋನ್ ಕಡೆಯ ದಾರಿ ಬೇರೆಯೇ ತರಹ, ಅದು ಬೆಟ್ಟ ಹತ್ತಿ ಇಳಿಯುವ ದಾರಿ. ಇಲ್ಲಿ ಅದರ ಮಾತು ಬೇಡ.

ಉತ್ತರದಿಂದ ದಕ್ಷಿಣಕ್ಕೇ ನಡೆಯಿರಿ. ಬೇಸಿಗೆಯಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಟೆಂಟಿನ ಗೂಟ ಕಿತ್ತು ಹೋಗುವಷ್ಟು ಜೋರಾಗುತ್ತದೆ. ಬೆನ್ನಿಗಿದ್ದರೆ ತಳ್ಳುತ್ತದೆ, ಮುಖಕ್ಕಿದ್ದರೆ ಕಣ್ಣಿಗೆಲ್ಲ ಮರಳು.

ಸಮತಟ್ಟು ಅಂದಿರಲ್ಲ, ಅಲ್ಲೇ ಲೆಕ್ಕ ತಪ್ಪುವುದು. ನಕ್ಷೆಯಲ್ಲಿ ಸಮತಟ್ಟು ಸರಿ. ಆದರೆ ಗೋಕರ್ಣದ ಕುಡ್ಲೆ ಬೀಚಿನ ಗಟ್ಟಿ ಮರಳಲ್ಲ ಇದು. ಸ್ವಲ್ಪ ದೂರ ಸಡಿಲ ಕಪ್ಪು ಮರಳು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಆಮೇಲೆ ತೆಂಗಿನಕಾಯಿ ಗಾತ್ರದ ಗುಂಡುಕಲ್ಲುಗಳು, ಕಾಲಿಟ್ಟ ತಕ್ಷಣ ಉರುಳುತ್ತವೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಟೇಬಲ್ಲಿನಷ್ಟು ದೊಡ್ಡ ಬಂಡೆಗಳು, ಮೇಲೆ ಪಾಚಿ. ಬೆನ್ನ ಮೇಲೆ 14–15 ಕೆ.ಜಿ. ಚೀಲ. ಇಂಥ ಕಡೆ ಗಂಟೆಗೆ 2 ಕಿ.ಮೀ. ಸಾಗಿದರೆ ಒಳ್ಳೆಯ ವೇಗ ಅಂತಲೇ ತಿಳಿಯಿರಿ. ಪಾದದ ಗಂಟು ಮುಚ್ಚುವ ಬೂಟು, ಎರಡು ವಾಕಿಂಗ್ ಸ್ಟಿಕ್ ಇರಲೇಬೇಕು. ಹಸಿ ಬಂಡೆ ಕಂಡರೆ ಹಾರಿ ದಾಟಬೇಡಿ, ಸ್ಟಿಕ್ ಊರಿ ಒಂದೊಂದೇ ಹೆಜ್ಜೆ ಇಡಿ. ಇಲ್ಲಿ ಕಾಲು ಉಳುಕಿದರೆ ಆಟೋ ಸಿಗುವುದಿಲ್ಲ. ಫೋನ್ ಸಿಗ್ನಲ್ಲೂ ಇಲ್ಲ. ನಾಲ್ಕು ಜನರಲ್ಲಿ ಒಬ್ಬರ ಹತ್ತಿರವಾದರೂ ಸ್ಯಾಟಲೈಟ್ ಮೆಸೆಂಜರ್ ಇರಲಿ. ಬಾಡಿಗೆಗೂ ಸಿಗುತ್ತದೆ.

ಈಗ ಮುಖ್ಯ ವಿಷಯ. ಈ ದಾರಿಯಲ್ಲಿ ಎರಡು ಕಡೆ, ಒಂದೊಂದೂ ಸುಮಾರು ಆರೂವರೆ ಕಿ.ಮೀ. ಉದ್ದಕ್ಕೆ, ಉಬ್ಬರದ ಹೊತ್ತಿನಲ್ಲಿ ನಡೆಯುವ ಜಾಗವೇ ಇರುವುದಿಲ್ಲ. ಅಲೆ ನೇರ ಬಂದು ಗುಡ್ಡದ ಗೋಡೆಗೆ ಹೊಡೆಯುತ್ತದೆ. ಮೊದಲನೆಯದು ಸೀ ಲಯನ್ ಗಲ್ಚ್‌ನಿಂದ ರಾಂಡಲ್ ಕ್ರೀಕ್‌ವರೆಗೆ. ಎರಡನೆಯದು ಮಿಲ್ಲರ್ ಫ್ಲ್ಯಾಟ್ ದಾಟಿದ ಮೇಲೆ ಗಿಚೆಲ್ ಕ್ರೀಕ್‌ವರೆಗೆ. ಗುಡ್ಡದ ಮೈ ಸಡಿಲ ಮಣ್ಣು, ಅದನ್ನು ಹತ್ತಿ ತಪ್ಪಿಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಮಧ್ಯೆ ಉಸಿರಾಡುವ ಜಾಗ ಅಂದರೆ ಹಳ್ಳಗಳು ಬಂದು ಸೇರುವ ಕಡೆ ಮಾತ್ರ. ಮೊದಲನೆಯದರಲ್ಲಿ ಕುಸ್ಕಿ ಕ್ರೀಕ್, ಎರಡನೆಯದರಲ್ಲಿ ಶಿಪ್‌ಮನ್ ಕ್ರೀಕ್, ಬಕ್ ಕ್ರೀಕ್. ಈ ನಾಲ್ಕೈದು ಹೆಸರು ನಿಮ್ಮ ನಾಲ್ವರಿಗೂ ಬಾಯಿಪಾಠ ಆಗಿರಲಿ. ತಡವಾಯಿತು ಅನ್ನಿಸಿದರೆ ಅಲ್ಲಿ ಮೇಲಕ್ಕೆ ಸರಿದು ಕೂತು, ನೀರು ಇಳಿಯುವವರೆಗೆ ಕಾಯಬಹುದು.

ಪಟ್ಟಿ ಓದುವುದು ಕಷ್ಟವೇನಲ್ಲ. ಅಮೆರಿಕ ಸರ್ಕಾರದ ನೋವಾ (NOAA) ಸಂಸ್ಥೆಯ ವೆಬ್‌ಸೈಟಿನಲ್ಲಿ ಶೆಲ್ಟರ್ ಕೋವ್ ಹೆಸರು ಹಾಕಿದರೆ ನಿಮ್ಮ ದಿನಾಂಕದ ಪಟ್ಟಿ ಬರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿಯೊಂದಕ್ಕೂ ಸಮಯ, ಎದುರಿಗೆ ಅಡಿಗಳಲ್ಲಿ ಎತ್ತರ. ಸೊನ್ನೆ ಅಂದರೆ ಅಲ್ಲಿನ ದಿನದ ದೊಡ್ಡ ಇಳಿತಗಳ ಸರಾಸರಿ ಮಟ್ಟ. ಅದಕ್ಕೇ ಕೆಲವು ದಿನ ಮೈನಸ್ ಅಂಕಿಯೂ ಕಾಣುತ್ತದೆ. ಎರಡು ಇಳಿತಗಳೂ ಒಂದೇ ಸಮ ಅಲ್ಲ, ಇದನ್ನು ಚೆನ್ನಾಗಿ ಗಮನಿಸಿ. ಒಂದು ಪೂರ್ತಿ ಇಳಿಯುತ್ತದೆ, ಇನ್ನೊಂದು ಅರ್ಧಂಬರ್ಧ. ಪಟ್ಟಿಯಲ್ಲಿ ಎರಡಕ್ಕೂ ಇಳಿತ ಅಂತಲೇ ಬರೆದಿರುತ್ತದೆ. ಸಮಯ ಮಾತ್ರ ನೋಡಿ ಎತ್ತರ ನೋಡದೆ ಹೊರಡುವವರು ಇಲ್ಲೇ ಮೋಸ ಹೋಗುವುದು.

ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ಅಂಕಿಗಳು ನಾನು ಹಾಕಿದ್ದು, ಆದರೆ ಜುಲೈನ ಒಂದು ಸಾಧಾರಣ ದಿನ ಹೀಗೇ ಇರುತ್ತದೆ ಅಂದುಕೊಳ್ಳಿ. ನಡುರಾತ್ರಿ ಕಳೆದು 12.30ಕ್ಕೆ ಉಬ್ಬರ, 5.6 ಅಡಿ. ಬೆಳಗ್ಗೆ 7.30ಕ್ಕೆ ಇಳಿತ, 0.2 ಅಡಿ. ಮಧ್ಯಾಹ್ನ 2.30ಕ್ಕೆ ಉಬ್ಬರ, 4.6 ಅಡಿ. ಸಂಜೆ 7.15ಕ್ಕೆ ಇಳಿತ, 2.8 ಅಡಿ. ಆ ಎರಡು ಕಡೆ ದಾಟಲು ನೀರು 3 ಅಡಿಗಿಂತ ಕೆಳಗಿರಬೇಕು ಅನ್ನುವುದು ಅಲ್ಲಿ ಎಲ್ಲರೂ ಹಿಡಿಯುವ ಅಳತೆ. ಬೆಳಗಿನ ಇಳಿತ ನೋಡಿ: ಸುಮಾರು 4 ಗಂಟೆಗೆ ನೀರು 3 ಅಡಿಗೆ ಇಳಿದಿರುತ್ತದೆ, ಮತ್ತೆ ಅಷ್ಟಕ್ಕೆ ಏರುವುದು ಹನ್ನೊಂದೂವರೆಗೆ. ಬೆಳಕು ಹರಿಯುವುದು ಐದೂಮುಕ್ಕಾಲಕ್ಕೆ. ಆಗ ಹೊರಟು ನಾಲ್ಕು ಗಂಟೆ ನಡೆದರೂ ಹತ್ತರ ಒಳಗೆ ಆಚೆ ಇರುತ್ತೀರಿ. ಒಂದೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ. ಈಗ ಸಂಜೆಯದು ನೋಡಿ. ಅದರ ತಳವೇ 2.8. ಮೂರಕ್ಕಿಂತ ಕೆಳಗೆ ಇರುವುದು ಸುಮಾರು ಎರಡು ಗಂಟೆ ಮಾತ್ರ. ಅಷ್ಟರಲ್ಲಿ ಆರೂವರೆ ಕಿ.ಮೀ. ಕಲ್ಲಿನ ಮೇಲೆ ಯಾರಿಗೂ ಆಗುವುದಿಲ್ಲ. ಆ ದಿನಕ್ಕೆ ಒಂದೇ ಅವಕಾಶ, ಅದು ಬೆಳಗ್ಗೆ.

ನಿಮ್ಮ ಪುಣ್ಯಕ್ಕೆ, ಆ ಕರಾವಳಿಯಲ್ಲಿ ಬೇಸಿಗೆಯ ದೊಡ್ಡ ಇಳಿತ ಬೀಳುವುದು ಸಾಮಾನ್ಯವಾಗಿ ನಸುಕಿನಿಂದ ಬೆಳಗಿನ ಹೊತ್ತಿನಲ್ಲಿ. ಚಳಿಗಾಲದಲ್ಲಿ ಅದು ಮಧ್ಯಾಹ್ನದ ಮೇಲಕ್ಕೆ ಹೋಗುತ್ತದೆ. ಬೇಸಿಗೆಯ ಗಾಳಿ ಏಳುವುದೂ ಮಧ್ಯಾಹ್ನದ ಮೇಲೆ. ಅಂದರೆ ಜುಲೈನಲ್ಲಿ ಬೇಗ ಏಳುವವರಿಗೆ ಇಳಿತವೂ ಸಿಗುತ್ತದೆ, ಗಾಳಿಯೂ ಕಡಿಮೆ. ಜೊತೆಗೆ ಇಳಿತದ ಸಮಯ ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಏಳೂವರೆ ಅಂದರೆ ನಾಳೆ ಎಂಟೂಕಾಲರ ಸುಮಾರಿಗೆ. ಇನ್ನೊಂದು ವಿಷಯ. ಇಳಿತದ ಹತ್ತಿರ ನೀರು ನಿಧಾನ, ನಡುವಿನ ಎರಡು ಗಂಟೆಗಳಲ್ಲಿ ಸರಸರ ಏರುತ್ತದೆ. ಇನ್ನೂ ಅರ್ಧ ಬೀಚ್ ಇದೆಯಲ್ಲ ಅಂತ ಕೂತರೆ ಕಣ್ಣೆದುರಿಗೇ ಹೋಗಿಬಿಡುತ್ತದೆ. ಹಾಗಾಗಿ ಇಳಿತದ ಹೊತ್ತಿಗೆ ನೀವು ಆ ಭಾಗದ ಅರ್ಧ ದಾರಿಯಲ್ಲಿ ಇರಬೇಕು. ಇಳಿತವಾದ ಮೇಲೆ ಹೊರಡುವುದಲ್ಲ.

ಇಷ್ಟು ಲೆಕ್ಕ ಸರಿ ಮಾಡಿಕೊಂಡರೂ ಪಟ್ಟಿ ಹೇಳದ ಒಂದು ಸಂಗತಿ ಇದೆ. ಅದರಲ್ಲಿರುವುದು ಸೂರ್ಯ ಚಂದ್ರರ ಸೆಳೆತದ ಲೆಕ್ಕ ಮಾತ್ರ. ದೂರದಲ್ಲೆಲ್ಲೋ ಬಿರುಗಾಳಿ ಎದ್ದು, ಅದರ ದೊಡ್ಡ ಅಲೆಗಳು ಎರಡು ದಿನ ಬಿಟ್ಟು ಇಲ್ಲಿಗೆ ಬಂದರೆ ಅದು ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ 1 ಅಡಿ ಅಂತಿದ್ದರೂ ಅಲೆ ಗೋಡೆಗೆ ಹೊಡೆಯುತ್ತಿರುತ್ತದೆ. ಅದಕ್ಕಾಗಿ ನ್ಯಾಷನಲ್ ವೆದರ್ ಸರ್ವೀಸ್‌ನ ಯುರೇಕಾ ಕಚೇರಿ ಕೊಡುವ ಸಮುದ್ರದ ಮುನ್ಸೂಚನೆಯನ್ನು ಹೊರಡುವ ಹಿಂದಿನ ದಿನ ಓದಿ. ಅಲೆಯ ಎತ್ತರ 10 ಅಡಿ ದಾಟುತ್ತದೆ ಅಂತಿದ್ದರೆ ಹೋಗಬೇಡಿ. ಪರ್ಮಿಟ್ ಹಣ ಹೋಗಲಿ.

ಸ್ನೀಕರ್ ವೇವ್ ಅಂತ ಕೇಳಿರುತ್ತೀರಿ. ಹತ್ತು ಹದಿನೈದು ನಿಮಿಷ ಸಣ್ಣ ಅಲೆ ಬಂದು ಹೋಗುತ್ತಿರುತ್ತವೆ. ಇದ್ದಕ್ಕಿದ್ದಂತೆ ಒಂದು ಅಲೆ ಉಳಿದವುಗಳಿಗಿಂತ ಎಷ್ಟೋ ಮೇಲಕ್ಕೆ ನುಗ್ಗಿ ಬರುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಬೀಚುಗಳಲ್ಲಿ ಇದಕ್ಕೆ ಜನ ಬಲಿಯಾಗುತ್ತಲೇ ಇದ್ದಾರೆ. ನಮ್ಮ ಕರಾವಳಿಯಲ್ಲಿ ಮೊಣಕಾಲು ನೀರಲ್ಲಿ ನಿಂತು ಫೋಟೋ ತೆಗೆಸಿಕೊಂಡು ಅಭ್ಯಾಸ ಆದವರಿಗೆ ಇದು ಹೊಸದು. ನೀರು 10ರಿಂದ 13 ಡಿಗ್ರಿ ಅಷ್ಟೇ. ಬಿದ್ದ ತಕ್ಷಣ ಉಸಿರು ಸಿಕ್ಕಿಕೊಳ್ಳುತ್ತದೆ, ಕೈಕಾಲು ಮಾತು ಕೇಳುವುದಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಡಿ. ದಾಟುವ ಭಾಗ ಶುರುವಾಗುವ ಮೊದಲು ಕಾಲು ಗಂಟೆ ಸುಮ್ನೆ ನಿಂತು ಅಲೆ ನೋಡಿ. ಹಸಿ ಆಗಿರುವ ಕಲ್ಲಿನ ಗೆರೆ ಎಲ್ಲಿಯವರೆಗೆ ಇದೆ ನೋಡಿ. ಅಲೆ ಅಲ್ಲಿಯವರೆಗೂ ಬರುತ್ತದೆ ಅಂತ ಅರ್ಥ. ಬಂಡೆ ತುದಿ ಸುತ್ತುವಾಗ ಒಬ್ಬರು ನಡೆಯಿರಿ, ಒಬ್ಬರು ನೀರು ನೋಡಿ.

ಹಾಗಾದರೆ ದಿನಗಳನ್ನು ಹೇಗೆ ಹಂಚುವುದು? ಸನಿವೇಲ್‌ನಿಂದ ಶೆಲ್ಟರ್ ಕೋವ್ ಕಾರಿನಲ್ಲಿ ಆರು ಗಂಟೆ ಅಂದುಕೊಳ್ಳಿ. ಕಾರು ಅಲ್ಲಿ ನಿಲ್ಲಿಸಿ, ಅಲ್ಲಿಂದ ಶಟಲ್ ವ್ಯಾನಿನಲ್ಲಿ ಮಟೋಲ್‌ಗೆ ಇನ್ನೂ ಸುಮಾರು ಎರಡು ಗಂಟೆ, ತಿರುವು ದಾರಿ. ಶಟಲ್ ಮೊದಲೇ ಬುಕ್ ಮಾಡಬೇಕು. ನೀವು ಶನಿವಾರ ಬೆಳಗ್ಗೆ ಮನೆ ಬಿಟ್ಟರೆ ನಡಿಗೆ ಶುರುವಾಗುವುದೇ ಸಂಜೆ. ಎರಡು ದಿನದ ಲೆಕ್ಕ ಅಲ್ಲಿಗೇ ಮುಗಿಯಿತು ನೋಡಿ.

ಹಿಂದಿನ ದಿನವೇ ಹೋಗಿ ಅಲ್ಲೇ ಎಲ್ಲಾದರೂ ಮಲಗಿ. ಮೊದಲ ದಿನ ಮಧ್ಯಾಹ್ನ ಮಟೋಲ್‌ನಿಂದ ಹೊರಟು ಪಂಟಾ ಗೋರ್ಡಾ ದೀಪಸ್ತಂಭ ದಾಟಿ ಸೀ ಲಯನ್ ಗಲ್ಚ್‌ವರೆಗೆ ಏಳು ಕಿ.ಮೀ. ಮಾತ್ರ ನಡೆಯಿರಿ. ಆ ದೀಪಸ್ತಂಭ ಹಡಗುಗಳಿಗೆ ದಾರಿ ತೋರಲು ಶುರು ಮಾಡಿದ್ದು 1912ರಲ್ಲಿ, ಆರಿಸಿದ್ದು 1951ರಲ್ಲಿ. ಈಗ ಒಂದು ಸಣ್ಣ ಕಾಂಕ್ರೀಟ್ ಕಟ್ಟಡ ಉಳಿದಿದೆ. ಅದರ ಮುಂದಿನ ಬೀಚಿನಲ್ಲಿ ಆನೆ ಸೀಲ್‌ಗಳು ಮಲಗಿರುತ್ತವೆ. ದೂರದಿಂದ ನೋಡಿದರೆ ಒಣಗಿದ ಮರದ ದಿಮ್ಮಿ ಅನ್ನಿಸುತ್ತದೆ, ಹತ್ತಿರ ಹೋದರೆ ದಿಮ್ಮಿ ತಲೆ ಎತ್ತುತ್ತದೆ. ಕನಿಷ್ಠ 50 ಗಜ ದೂರ ಇರಿ. ದಾರಿಯಲ್ಲೇ ಮಲಗಿದ್ದರೆ ಮೇಲಿನ ಹುಲ್ಲಿನ ಕಡೆಯಿಂದ ಸುತ್ತಿಕೊಂಡು ಹೋಗಿ. ಅದಕ್ಕೂ ನೀರಿಗೂ ಮಧ್ಯೆ ಮಾತ್ರ ಹೋಗಬೇಡಿ.

ಎರಡನೇ ದಿನ ನಸುಕಿಗೇ ಎದ್ದು ಮೊದಲ ಕಷ್ಟದ ಭಾಗ ದಾಟಿ ರಾಂಡಲ್ ಕ್ರೀಕ್. ಅಲ್ಲಿಂದ ಮುಂದೆ ಸಮುದ್ರದಿಂದ ಸ್ವಲ್ಪ ಎತ್ತರದ ಹುಲ್ಲುಗಾವಲು, ಸ್ಪ್ಯಾನಿಷ್ ಫ್ಲ್ಯಾಟ್. ಅಲ್ಲಿ ನಡೆಯುವುದು ಸುಖ. ಅಲ್ಲೋ ಮುಂದಿನ ಕಿನ್ಸಿ ಕ್ರೀಕಿನಲ್ಲೋ ನಿಲ್ಲಿ. ಮೂರನೇ ದಿನ ಆರಾಮಾಗಿ ಬಿಗ್ ಫ್ಲ್ಯಾಟ್‌ವರೆಗೆ. ಆ ದಿನ ನೀರಿನ ಭಯ ಕಡಿಮೆ, ಹಾಗಾಗಿ ಹಿಂದಿನ ದಿನ ಎಲ್ಲಾದರೂ ತಡವಾಗಿದ್ದರೆ ತುಂಬಿಕೊಳ್ಳಲು ಇದೇ ದಿನ. ನಾಲ್ಕನೇ ದಿನ ಬೆಳಗ್ಗೆ ಎರಡನೇ ಕಷ್ಟದ ಭಾಗ, ಗಿಚೆಲ್ ಕ್ರೀಕ್ ದಾಟಿದ ಮೇಲೆ ಸಡಿಲ ಕಪ್ಪು ಮರಳಿನಲ್ಲಿ ಕೊನೆಯ ಐದಾರು ಕಿ.ಮೀ. ಸತಾಯಿಸುತ್ತದೆ. ಮಧ್ಯಾಹ್ನಕ್ಕೆ ಕಾರಿನ ಹತ್ತಿರ ಇರುತ್ತೀರಿ. ಇದೊಂದು ಚೌಕಟ್ಟು ಅಷ್ಟೇ. ನಿಮ್ಮ ದಿನಾಂಕದ ಇಳಿತ ಹತ್ತು ಗಂಟೆಗೆ ಬೀಳುತ್ತಿದ್ದರೆ ಎಲ್ಲವನ್ನೂ ಅದಕ್ಕೆ ಹೊಂದಿಸಿ.

ಟೆಂಟ್ ಹಾಕುವಾಗ ಹಸಿ ಮರಳಿನಿಂದ ದೂರ, ಹಳ್ಳದ ಮೇಲಿನ ದಿಬ್ಬದ ಮೇಲೆ ಹಾಕಿ. ಈ ಕರಾವಳಿ ಭೂಮಿಯ ಹೊರಪದರದ ಮೂರು ಫಲಕಗಳು ಸೇರುವ ಜಾಗ. 1992ರ ಏಪ್ರಿಲ್‌ನಲ್ಲಿ ಇಲ್ಲಿ 7.2 ತೀವ್ರತೆಯ ಭೂಕಂಪ ಆಯಿತು. ಮಟೋಲ್ ಸುತ್ತಮುತ್ತ ಸುಮಾರು 24 ಕಿ.ಮೀ. ಕಡಲಂಚು ಒಂದೇ ಏಟಿಗೆ ಮೇಲೆದ್ದಿತು, ಕೆಲವು ಕಡೆ 1.4 ಮೀಟರ್‌ವರೆಗೆ. ನೀರಲ್ಲಿದ್ದ ಬಂಡೆಗಳು ಗಾಳಿಗೆ ಬಂದು ಅದಕ್ಕೆ ಅಂಟಿದ ಕಡಲ ಜೀವಿಗಳೆಲ್ಲ ಸತ್ತವು. ಸಣ್ಣ ಸುನಾಮಿಯೂ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಸಮುದ್ರದೊಳಗೆ 7.0 ತೀವ್ರತೆಯ ಕಂಪನವಾದಾಗ ಸುನಾಮಿ ಎಚ್ಚರಿಕೆ ಕೊಟ್ಟು ಆಮೇಲೆ ಹಿಂತೆಗೆದುಕೊಂಡರು. ಭಯಪಡಿಸಲು ಹೇಳುತ್ತಿಲ್ಲ. ನೆಲ ಜೋರಾಗಿ ಅಲುಗಿದರೆ ಚೀಲ, ಟೆಂಟು ನೋಡಬೇಡಿ, ಹಳ್ಳದ ಪಕ್ಕದ ದಿಬ್ಬ ಹಿಡಿದು ಮೇಲಕ್ಕೆ ಹೋಗಿ.

ಕರಡಿ ವಿಷಯ. ಇರುವುದು ಕಪ್ಪು ಕರಡಿಗಳು. ಅವಕ್ಕೆ ನೀವು ಬೇಡ, ನಿಮ್ಮ ಊಟ ಬೇಕು. ಗಟ್ಟಿ ಡಬ್ಬಿ, ಅಂದರೆ ಬೇರ್ ಕ್ಯಾನಿಸ್ಟರ್, ಇಲ್ಲಿ ಕಡ್ಡಾಯ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಔಟ್‌ಡೋರ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ದೊಡ್ಡದು ಸುಮಾರು 11 ಲೀಟರ್ ಹಿಡಿಯುತ್ತದೆ, ಖಾಲಿ ಡಬ್ಬಿಯೇ ಒಂದು ಕೆ.ಜಿ.ಗಿಂತ ಜಾಸ್ತಿ. ನಾಲ್ಕು ಜನಕ್ಕೆ ಮೂರು ರಾತ್ರಿಗೆ ಎರಡು ದೊಡ್ಡ ಡಬ್ಬಿ ಸಾಲುವುದು ಕಷ್ಟ, ಮೂರು ಇಟ್ಟುಕೊಳ್ಳಿ. ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಸೋಪು, ಖಾಲಿ ಪ್ಯಾಕೆಟ್ಟು, ವಾಸನೆ ಇರುವ ಎಲ್ಲವೂ ಒಳಗೆ. ಉಪ್ಪಿನಕಾಯಿ ಪೊಟ್ಟಣ ಜೇಬಿನಲ್ಲಿ ಇಟ್ಟುಕೊಂಡು ಮಲಗಬೇಡಿ. ರಾತ್ರಿ ಡಬ್ಬಿಯನ್ನು ಟೆಂಟಿನಿಂದ ಮೂವತ್ತು ನಲವತ್ತು ಹೆಜ್ಜೆ ದೂರ ಇಡಿ. ಉರುಳಿ ನೀರಿಗೆ ಹೋಗದ ಜಾಗದಲ್ಲಿ.

ಸಸ್ಯಾಹಾರಿಗಳಿಗೆ ಇಲ್ಲಿ ನಮ್ಮ ಅಡುಗೆಮನೆಯೇ ಸಾಕು, ಆದರೆ ಡಬ್ಬಿಯಲ್ಲಿ ಜಾಗ ತಿನ್ನದ್ದು ಆರಿಸಬೇಕು. ಮಂಡಕ್ಕಿ, ಚಿಪ್ಸ್, ಬ್ರೆಡ್ಡು ಬೇಡ. ರವೆಯನ್ನು ತುಪ್ಪದಲ್ಲಿ ಹುರಿದು, ಸಾಸಿವೆ, ಕಡಲೆಬೇಳೆ, ಒಣಮೆಣಸಿನ ಒಗ್ಗರಣೆ ಕಲಸಿ, ಕರಿಬೇವು ಗರಿಗರಿ ಮಾಡಿ ಹಾಕಿ, ಉಪ್ಪು ಸೇರಿಸಿ ಜಿಪ್ ಚೀಲದಲ್ಲಿ ತುಂಬಿ. ಅಲ್ಲಿ ಕುದಿಯುವ ನೀರಿಗೆ ಸುರಿದು ಮುಚ್ಚಿಟ್ಟರೆ ಐದು ನಿಮಿಷಕ್ಕೆ ಉಪ್ಪಿಟ್ಟು. ಚಪಾತಿಯನ್ನು ಒತ್ತಿ ಜೋಡಿಸಿದರೆ ಹತ್ತಕ್ಕೆ ಹಿಡಿಯುವ ಜಾಗ ಕಮ್ಮಿ. ಜೊತೆಗೆ ಶೇಂಗಾ ಚಟ್ನಿಪುಡಿ, ಸಣ್ಣ ಬಾಟಲಿಯಲ್ಲಿ ತುಪ್ಪ. ರಾತ್ರಿಗೆ ಬೇಗ ಬೇಯುವ ಅಕ್ಕಿ, ಪುಳಿಯೋಗರೆ ಗೊಜ್ಜು. ನಡೆಯುವಾಗ ಬಾಯಿಗೆ ಶೇಂಗಾ ಚಿಕ್ಕಿ, ಖರ್ಜೂರ. ಮೊದಲ ದಿನದ ಊಟ ಡಬ್ಬಿಯ ಲೆಕ್ಕದಲ್ಲಿ ಬೇಡ, ಮನೆಯಿಂದ ಬುತ್ತಿ ಕಟ್ಟಿಕೊಂಡು ರಾತ್ರಿ ಮಲಗುವ ಮೊದಲೇ ಖಾಲಿ ಮಾಡಿ. ನೀರಿಗೆ ಚಿಂತೆ ಇಲ್ಲ, ಹಳ್ಳಗಳು ಬೇಕಾದಷ್ಟಿವೆ. ಫಿಲ್ಟರ್ ಮಾಡದೆ ಕುಡಿಯಬೇಡಿ. ಸ್ಟೌವ್ ಹಚ್ಚಲಿಕ್ಕೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ಆನ್‌ಲೈನ್‌ನಲ್ಲಿ ಉಚಿತ. ಬೇಸಿಗೆಯಲ್ಲಿ ಕಟ್ಟಿಗೆ ಬೆಂಕಿಗೆ ನಿಷೇಧ ಬರುವುದು ಸಾಮಾನ್ಯ.

ಶೌಚದ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಹೇಳಲೇಬೇಕು. ಇಲ್ಲಿನ ಪದ್ಧತಿ ಕಾಡಿನದಕ್ಕಿಂತ ಬೇರೆ. ಹಳ್ಳದಿಂದ 200 ಅಡಿ ದೂರ ಹೋಗಿ, ಉಬ್ಬರದ ನೀರು ಬರುವ ಹಸಿ ಮರಳಿನಲ್ಲಿ ಅರ್ಧ ಅಡಿಗಿಂತ ಆಳ ಗುಂಡಿ ತೋಡಿ ಮುಚ್ಚಬೇಕು. ಪೇಪರ್ ವಾಪಸ್ ತರಬೇಕು. ದಿಬ್ಬಗಳ ಮೇಲೆ ಕೂರುವವರಿಂದ ಒಳ್ಳೊಳ್ಳೆ ಕ್ಯಾಂಪಿನ ಜಾಗಗಳು ಹಾಳಾಗಿವೆ. ಅದೇ ದಿಬ್ಬಗಳಲ್ಲಿ ಕೆಲವು ಕಡೆ ಚಿಪ್ಪಿನ ರಾಶಿಗಳು ಕಾಣುತ್ತವೆ. ಸುಮ್ನೆ ಬಿದ್ದ ಚಿಪ್ಪುಗಳಲ್ಲ ಅವು. ಮಟೋಲ್, ಸಿಂಕಿಯೋನ್ ಅನ್ನುವ ಮೂಲನಿವಾಸಿ ಜನ ಇಲ್ಲಿ ತಲೆಮಾರುಗಟ್ಟಲೆ ಬದುಕಿದ ಗುರುತು. ಕೆದಕಬೇಡಿ, ಒಂದನ್ನೂ ಎತ್ತಿಕೊಂಡು ಬರಬೇಡಿ.

ದಿಬ್ಬದ ಕಾಲುದಾರಿಗಳಲ್ಲಿ ಪಾಯಿಸನ್ ಓಕ್ ಇರುತ್ತದೆ. ಮೂರು ಮೂರು ಎಲೆ, ಹೊಳೆಯುವ ಹಸಿರು, ಕೆಲವೊಮ್ಮೆ ಕೆಂಪು. ಇದು ಗೇರು, ಮಾವಿನ ಕುಟುಂಬದ್ದೇ ಗಿಡ. ಹಸಿ ಗೇರುಬೀಜದ ಸೊನೆ ತಾಗಿ ಚರ್ಮ ಎದ್ದದ್ದು ಕರಾವಳಿ ಕಡೆಯವರಿಗೆ ಗೊತ್ತಿರುತ್ತದೆ, ಇದೂ ಹಾಗೇ. ಉದ್ದ ಪ್ಯಾಂಟು ಹಾಕಿ. ತಾಗಿದೆ ಅನ್ನಿಸಿದರೆ ಬೇಗ ಸೋಪು ಹಚ್ಚಿ ತೊಳೆಯಿರಿ, ಹಳ್ಳದಲ್ಲಿ ಅಲ್ಲ, ನೀರು ತಂದು ದೂರದಲ್ಲಿ. ಹುಲ್ಲಿನಲ್ಲಿ ನಡೆದ ದಿನ ಸಂಜೆ ಮೈಮೇಲೆ ಉಣ್ಣೆ ಹುಳ ಇದೆಯಾ ನೋಡಿಕೊಳ್ಳಿ. ಮರದ ದಿಮ್ಮಿಗಳ ಸಂದಿಗೆ ನೋಡದೆ ಕೈ ಹಾಕಬೇಡಿ, ರ‍್ಯಾಟಲ್ ಹಾವು ಇರಬಹುದು.

ಜುಲೈ ಅಂದರೆ ನಮಗೆ ಮಳೆ ನೆನಪಾಗುತ್ತದೆ. ಅಲ್ಲಿ ತಿರುಗಾಮುರುಗಾ. ಮಳೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಆಗ ಹಳ್ಳಗಳು ತುಂಬಿ ದಾಟಲು ಅಪಾಯ. ಜುಲೈನಲ್ಲಿ ಮಳೆ ಅಪರೂಪ, ಮಂಜು ಮತ್ತು ಗಾಳಿ ಜಾಸ್ತಿ. ಬೇಸಿಗೆ ಅಂತ ಸ್ವೆಟರ್ ಬಿಟ್ಟು ಬರಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಸೆಪ್ಟೆಂಬರ್ ಇನ್ನೂ ಚೆನ್ನ, ಗಾಳಿ ತಗ್ಗಿರುತ್ತದೆ. ರಜೆ ಜುಲೈನಲ್ಲೇ ಸಿಗುವುದಾದರೆ ಅದೂ ಆಗುತ್ತದೆ.

ಪರ್ಮಿಟ್ ಇಲ್ಲದೆ ರಾತ್ರಿ ತಂಗುವಂತಿಲ್ಲ. ರಿಕ್ರಿಯೇಷನ್ ಡಾಟ್ ಗವ್ ವೆಬ್‌ಸೈಟಿನಲ್ಲಿ ತೆಗೆದುಕೊಳ್ಳಬೇಕು. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ದಿನಕ್ಕೆ 60 ಜನರಿಗೆ ಮಾತ್ರ ಹೊರಡಲು ಅವಕಾಶ, ಉಳಿದ ತಿಂಗಳಲ್ಲಿ 30. ಬೇಸಿಗೆಯ ವಾರಾಂತ್ಯಗಳು ಬೇಗ ಮುಗಿದುಹೋಗುತ್ತವೆ. ಆದರೆ ಖಾಲಿ ಇದೆ ಅಂತ ಸಿಕ್ಕ ದಿನಾಂಕ ಹಿಡಿಯಬೇಡಿ. ಮೊದಲು ಜುಲೈ ತಿಂಗಳ ಪೂರ್ತಿ ಪಟ್ಟಿ ತೆರೆದುಕೊಂಡು, ಎರಡು ದಿನದ ಅಂತರದಲ್ಲಿ ಎರಡು ಒಳ್ಳೆಯ ಬೆಳಗಿನ ಇಳಿತ ಇರುವ ವಾರಗಳನ್ನು ಗುರುತು ಮಾಡಿ. ಮೂರು ನಾಲ್ಕು ಆಯ್ಕೆ ಸಿಗುತ್ತವೆ. ಅವುಗಳಲ್ಲಿ ಪರ್ಮಿಟ್ ಇರುವುದನ್ನು ತೆಗೆದುಕೊಂಡು, ಶಟಲ್ ಬುಕ್ ಮಾಡಿ, ಆಮೇಲೆ ಆಫೀಸಿನಲ್ಲಿ ರಜೆ ಕೇಳಿ. ವಾಪಸ್ ಬಂದ ಮರುದಿನವೂ ರಜೆ ಇರಲಿ, ನೀರು ಒಂದು ದಿನ ತಡೆದರೆ ತಡೆಯಲಿ. ಹೊರಡುವ ಮೊದಲು ಪಟ್ಟಿಯ ಆ ನಾಲ್ಕು ದಿನದ ಪುಟವನ್ನು ಪ್ರಿಂಟ್ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಇಬ್ಬರು ಇಟ್ಟುಕೊಳ್ಳಿ. ಇನ್ನೊಂದು ಪ್ರತಿಯನ್ನು, ನೀವು ಎಲ್ಲೆಲ್ಲಿ ತಂಗುತ್ತೀರಿ ಅಂತ ಬರೆದು, ಮನೆಯಲ್ಲಿರುವ ಯಾರಿಗಾದರೂ ಕೊಟ್ಟು ಹೋಗಿ. ಯಾವ ದಿನ ಎಷ್ಟು ಹೊತ್ತಿನವರೆಗೆ ಸುದ್ದಿ ಬರದಿದ್ದರೆ ಸಹಾಯ ಕೇಳಬೇಕು ಅನ್ನುವುದನ್ನೂ ಅದರಲ್ಲೇ ಬರೆದಿಡಿ.